ಹೊಸ ಸ್ಪೋರ್ಟ್ಸ್ ಕಾರಿಗೆ ಮೊದಲ ವರ್ಷ ಕೈ ಹಚ್ಚಬೇಡಿ

ಸಭಿಕ ಮಿತ್ರರೇ,

ಸ್ಪೋರ್ಟ್ಸ್ ಕಾರು ಷೋರೂಮಿನಿಂದ ಹೊರಬೀಳುವ ಮೊದಲೇ ಸ್ಪ್ರಿಂಗು, ಚಕ್ರ, ಎಕ್ಸಾಸ್ಟ್‌ಗಳಿಗೆ ಆರ್ಡರ್ ಕೊಟ್ಟು ಕೂತಿರುವವರನ್ನು ನಾವೆಲ್ಲ ಬಲ್ಲೆವು. ಈ ಸಭೆಯಲ್ಲೂ ಅಂಥವರಿದ್ದಾರೆಂದು ನಿಮ್ಮ ನಗುವೇ ಹೇಳುತ್ತಿದೆ. ಮಾಡಿಫೈ ಮಾಡುವುದಕ್ಕೆ ನನ್ನ ವಿರೋಧವಿಲ್ಲ, ನನ್ನ ತಕರಾರೆಲ್ಲ ಅವಸರದ ಮೇಲೆ. ಮಳೆಯಲ್ಲಿ, ಬಿಸಿಲಲ್ಲಿ, ಸಾಧ್ಯವಾದರೆ ಟ್ರ್ಯಾಕಿನಲ್ಲೂ ಕಾರನ್ನು ಒಂದು ವರ್ಷವಾದರೂ ಕಂಪನಿಯಿಂದ ಬಂದ ಹಾಗೆಯೇ ಓಡಿಸಿ ನೋಡದೆ, ಪ್ರತಿ ಬಿಡಿಭಾಗದ ಮುಂದೆ ನಿಂತು ಕೇಳಲೇಬೇಕಾದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ: ಕಾರಿನ ಯಾವ ಕೊರತೆಗೆ ಇದು ಪರಿಹಾರ?

ಹೋಂಡಾ ಎನ್‌ಎಸ್‌ಎಕ್ಸ್ ಸ್ಪೋರ್ಟ್ಸ್ ಕಾರಿನ ಕಥೆ ನಿಮಗೆ ಗೊತ್ತಿರುವುದೇ, ಆದರೂ ಹೇಳದೆ ಇರಲಾರೆ. 1989ರಲ್ಲಿ ಸುಜುಕಾ ಟ್ರ್ಯಾಕಿನಲ್ಲಿ ಅದರ ಮೂಲಮಾದರಿಯನ್ನು ಓಡಿಸಿದ ಫಾರ್ಮುಲಾ ಒನ್ ಚಾಂಪಿಯನ್ ಐರ್ಟನ್ ಸೆನ್ನಾ, ಬಾಡಿಯ ಬಿಗಿ ಸಾಲದೆಂದು ಎಂಜಿನಿಯರುಗಳಿಗೆ ತಿಳಿಸಿದರು. ಬಿಗಿ ಕಣ್ಣಿಗೆ ಕಾಣುವ ಗುಣವಲ್ಲ. ತಿರುವಿನಲ್ಲಿ ಬಾಡಿ ಕೂದಲೆಳೆಯಷ್ಟು ತಿರುಚಿಕೊಂಡರೂ ಚಕ್ರವನ್ನು ಬಾಡಿಗೆ ಜೋಡಿಸುವ ಸಸ್ಪೆನ್ಷನ್ ತೋಳುಗಳ ನೆಲೆಗಳು ಸರಿಯುತ್ತವೆ. ಆಗ ಸ್ಪ್ರಿಂಗು ಎಷ್ಟೇ ಉತ್ತಮವಾಗಿದ್ದರೂ ಚಕ್ರದ ಕೋನ ವಿನ್ಯಾಸಗಾರ ಎಣಿಸಿದಲ್ಲಿ ನಿಲ್ಲುವುದಿಲ್ಲ. ಎಂಜಿನಿಯರುಗಳು ಇಪ್ಪತ್ತು ಕಿಲೋಮೀಟರಿಗೂ ಉದ್ದದ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕಿನಲ್ಲಿ ಓಡಿಸಿ, ಅಳೆದು, ಬಾಡಿಯನ್ನು ಗಟ್ಟಿಗೊಳಿಸಿ, ಮತ್ತೆ ಓಡಿಸಿದರು. ಆ ಕಾರು ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಕೊಂಡವನ ಕೈಗೆ ಬಂದದ್ದು ಬಾಡಿ, ಸ್ಪ್ರಿಂಗು, ಅದರ ಕುಣಿತ ತಡೆಯುವ ಡ್ಯಾಂಪರು, ಟೈರುಗಳೆಲ್ಲ ಒಂದಕ್ಕೊಂದು ಹೊಂದಿ ಕುಳಿತ ಕಾರು. ನಾವು ಒಂದನ್ನು ಮಾತ್ರ ಕಿತ್ತು ಬೇರೆಯದನ್ನು ಕೂರಿಸಿದಾಗ ಉಳಿದವುಗಳ ಲೆಕ್ಕವೂ ತಪ್ಪುತ್ತದೆ.

ಕಾರನ್ನು ತಗ್ಗಿಸುವ ಗಿಡ್ಡ ಸ್ಪ್ರಿಂಗನ್ನೇ ನೋಡಿ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಡ್ಯಾಂಪರು ಒಂದೇ ಕಂಬದಲ್ಲಿರುವ ಸಸ್ಪೆನ್ಷನ್) ಇರುವ ಕಾರನ್ನು ಮಿತಿಮೀರಿ ಇಳಿಸಿದರೆ ಕೆಳತೋಳು ಚಕ್ರದ ಕಡೆಗೆ ಮೇಲೇರಿ ನಿಲ್ಲುತ್ತದೆ. ಕಾರಿನ ಭಾರಕೇಂದ್ರ ಇಳಿದದ್ದಕ್ಕಿಂತ ಹೆಚ್ಚಾಗಿ ತಿರುವಿನಲ್ಲಿ ಅದು ವಾಲುವ ಕೇಂದ್ರಬಿಂದುವಾದ ರೋಲ್ ಸೆಂಟರ್ ಇಳಿಯುತ್ತದೆ. ಇವೆರಡರ ನಡುವಿನ ಅಂತರ ಹೆಚ್ಚುವುದರಿಂದ ನೆಲಕ್ಕಂಟಿದಂತೆ ಕಾಣುವ ಕಾರು ತಿರುವಿನಲ್ಲಿ ಇನ್ನಷ್ಟು ವಾಲಲು ಹವಣಿಸುತ್ತದೆ. ಜೊತೆಗೆ ಸಸ್ಪೆನ್ಷನ್ ಕುಗ್ಗುವ ಜಾಗವೂ ಕಡಿಮೆಯಾಗಿ, ತಿರುವಿನ ನಡುವೆ ಒಂದು ಉಬ್ಬು ಸಿಕ್ಕಿತೆಂದರೆ ಅದು ಕುಗ್ಗುವಿಕೆಯನ್ನು ಕೊನೆಯಲ್ಲಿ ತಡೆಯುವ ಬಂಪ್ ಸ್ಟಾಪಿಗೆ ಬಡಿದು ಹಿಡಿತ ತಟ್ಟನೆ ತಪ್ಪುತ್ತದೆ. ಯಾವ ಕೊರತೆಗೆ ಇದು ಪರಿಹಾರವಾಯಿತು?

2012ರ ಟೊಯೊಟಾ ಜಿಟಿ86ಕ್ಕೆ ಬರೀ 215 ಮಿಲಿಮೀಟರ್ ಅಗಲದ, ಸಾಧಾರಣ ಹಿಡಿತದ ಟೈರು ಕೊಟ್ಟರೆಂದು ಮೂಗು ಮುರಿದವರು ಬಹಳ. ಕಾರಿನ ಸಮತೋಲ ಕಡಿಮೆ ವೇಗದಲ್ಲೇ ಚಾಲಕನ ಅರಿವಿಗೆ ಬರಲಿ, ಜಾರಿದರೂ ಮೆಲ್ಲಗೆ ಜಾರಲಿ ಎಂಬುದು ಆ ಆಯ್ಕೆಯ ಸಾರ. ಅಗಲದ ಟೈರು ಹಾಕಿದರೆ ವೇಗ ಹೆಚ್ಚುವುದು ನಿಜ. ಆದರೆ ಜಾರುವ ಕ್ಷಣವೂ ಹೆಚ್ಚಿನ ವೇಗದಲ್ಲೇ ಬರುತ್ತದೆ, ಕಲಿಯುವವನಿಗೆ ಅದು ದುಬಾರಿ ಪಾಠ.

ಟ್ರ್ಯಾಕಿಗೆ ಹೋಗುವವರು ಬ್ರೇಕಿನ ವಿಷಯದಲ್ಲಿ ಮಾತ್ರ ಒಂದು ವರ್ಷ ಕಾಯಬೇಕಿಲ್ಲ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ಗಾಳಿಯ ತೇವ ಹೀರಿಕೊಂಡ ಆಯಿಲಿಗೆ ಆ ಮಿತಿ 155 ಡಿಗ್ರಿ ಮಾತ್ರ. ಕುದಿದಾಗ ಹುಟ್ಟುವ ಆವಿಯನ್ನು ಪೆಡಲು ಅದುಮುತ್ತದೆಯೇ ಹೊರತು ಪ್ಯಾಡುಗಳನ್ನಲ್ಲ, ಕಾಲು ನೆಲಕ್ಕೆ ಮುಟ್ಟುತ್ತದೆ. ಹೊಸ ಆಯಿಲು, ಬಿಸಿ ತಾಳುವ ಪ್ಯಾಡು: ಇಲ್ಲಿ ನನ್ನ ಪ್ರಶ್ನೆಗೆ ನೇರ ಉತ್ತರವಿದೆ.

ಸಮಯ ಮುಗಿಯಿತೆಂದು ಅಧ್ಯಕ್ಷರು ಗಡಿಯಾರ ತೋರಿಸುತ್ತಿರುವುದರಿಂದ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿನ ಟ್ಯೂನಿಂಗನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ: ಟರ್ಬೊ ಎಂಜಿನ್ನಿನಿಂದ ಹೆಚ್ಚು ಶಕ್ತಿ ತೆಗೆಯುವುದು ಸುಲಭ, ಆದರೆ ಆ ಶಕ್ತಿಯನ್ನು ಕ್ಲಚ್ಚು, ಗೇರ್‌ಬಾಕ್ಸು, ಕೂಲಿಂಗ್ ಹೊರಬೇಕು, ಅವು ಸೋತರೆ ವಾರಂಟಿ ಕೈಬಿಡಬಹುದು. ಎಕ್ಸಾಸ್ಟಿನ ಚರ್ಚೆ ಪ್ರಶ್ನೋತ್ತರಕ್ಕಿರಲಿ. ಏನನ್ನೇ ಬದಲಿಸಿದರೂ ವಿಮಾ ಕಂಪನಿಗೆ ತಿಳಿಸಿ, ಬಿಚ್ಚಿದ ಮೂಲ ಭಾಗಗಳನ್ನು ಬೋಲ್ಟು ಸಮೇತ ಹೆಸರು ಬರೆದು ಕಟ್ಟಿಡಿ. ಹೊಸ ಸ್ಪ್ರಿಂಗು ಹಿಡಿಸದಿದ್ದಾಗ ಹಳೆಯದನ್ನು ಕೂರಿಸಿ ಅದೇ ರಸ್ತೆಯಲ್ಲಿ ಓಡಿಸಿ ಹೋಲಿಸಲು ಅವು ಬೇಕಾಗುತ್ತವೆ.