ಕಪ್ಪಾದ ದಾಳಿಂಬೆ ಜ್ಯೂಸಿಗೆ ಬೇಡ

ಕೇಳುಗರಿಗೆ ನಮಸ್ಕಾರ. ಹೊಸದುರ್ಗ, ಹಿರಿಯೂರು ಕಡೆ ದಾಳಿಂಬೆ ಕೊಯ್ಯುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಕೈ ಕೆಲಸ ನಡೀಲಿ, ಕಿವಿ ಮಾತ್ರ ಇತ್ತ ಕೊಡಿ. ನಾನು ಹೇಳೋದು ಒಂದೇ ಮಾತು. ಬೂಷ್ಟು ಹಿಡಿದ ಹಣ್ಣನ್ನು ಜ್ಯೂಸಿಗೆ ಹಾಕಬೇಡಿ.

ಹೋದ ವರ್ಷ ಹೊಸದುರ್ಗದ ಹತ್ತಿರ ಒಂದು ತೋಟಕ್ಕೆ ಹೋಗಿದ್ದೆ. ಶೆಡ್ಡಿನಲ್ಲಿ ಹಣ್ಣು ಆರಿಸುತ್ತಿದ್ದರು. ಯಜಮಾನರು ಒಂದು ಹಣ್ಣು ನನ್ನ ಕೈಗಿಟ್ಟು, "ನೋಡಿ ಮೇಡಂ, ಎಂಥಾ ಬಣ್ಣ!" ಅಂದರು. ನಿಜ, ಸಿಪ್ಪೆಯ ಮೇಲೆ ಒಂದು ಚುಕ್ಕೆ ಇರಲಿಲ್ಲ. ಆದರೆ ಅಷ್ಟೇ ದಪ್ಪದ ಬೇರೆ ಹಣ್ಣಿಗಿಂತ ಹಗುರ ಅನ್ನಿಸಿತು. ಎರಡು ಹೋಳು ಮಾಡಿಸಿದೆ. ಒಂದು ಕಡೆ ಕೆಂಪು ಕಾಳು, ಇನ್ನೊಂದು ಕಡೆ ಮಸಿ ಬಳಿದ ಹಾಗೆ ಕಪ್ಪು. ಅಲ್ಲೇ ಕೂತಿದ್ದ ಅವರ ತಾಯಿ ಹೋಳು ಇಸ್ಕೊಂಡರು. ಕಪ್ಪನ್ನು ಚಾಕುವಿನಿಂದ ಕೆರೆದು, ಉಳಿದ ಕಾಳನ್ನು ಮೊಮ್ಮಕ್ಕಳ ಜ್ಯೂಸಿನ ಪಾತ್ರೆಗೆ ಉದುರಿಸತೊಡಗಿದರು. ನಾನು ಪಾತ್ರೆಗೇ ಕೈ ಅಡ್ಡ ಹಿಡಿದೆ. "ಅರ್ಧ ಚೆನ್ನಾಗೈತಲ್ಲವ್ವ, ಸುಮ್ನೆ ಎಸೀತಾರಾ?" ಅಂದರು. ಟ್ಯಾಂಕರ್ ನೀರು ಹಾಕಿ ಉಳಿಸಿಕೊಂಡ ಗಿಡದ ಹಣ್ಣು ಅದು. ಅವರ ಸಂಕಟ ನನಗೆ ಗೊತ್ತಾಗುತ್ತದೆ.

ಆ ಕಪ್ಪು ಹೆಚ್ಚಾಗಿ ಆಲ್ಟರ್ನೇರಿಯಾ ಎಂಬ ಬೂಷ್ಟಿನ ಕೆಲಸ. ಹೂವಿದ್ದಾಗಲೇ ಒಳಗೆ ಸೇರಿ, ಹಣ್ಣಾಗುವವರೆಗೆ ಸದ್ದಿಲ್ಲದೆ ಕೂತಿರುತ್ತದೆ. ಅದು ಬಿಡುವ ವಿಷ ಕಣ್ಣಿಗೆ ಕಾಣುವುದಿಲ್ಲ, ಪಕ್ಕದ ಕಾಳಿಗೂ ಇಳಿಯುತ್ತದೆ. ಕುದಿಸಿದರೆ ಹೋಗುತ್ತೆ ಅಂತೀರಾ? ಬೂಷ್ಟು ಸಾಯುತ್ತದೆ, ವಿಷ ಉಳಿಯುತ್ತದೆ. ಬೂಷ್ಟು ತಾನೇ ಅನ್ನಬೇಡಿ. ಚಳ್ಳಕೆರೆಯ ಶೇಂಗಾ ಬೆಳೆಗಾರರು ಅಫ್ಲಾಟಾಕ್ಸಿನ್ ಅನ್ನೋ ಬೂಷ್ಟಿನ ವಿಷದ ಹೆಸರು ಕೇಳಿದ್ದೀರಿ, ಅಲ್ವಾ? 1960ರಲ್ಲಿ ಇಂಗ್ಲೆಂಡಿನಲ್ಲಿ ಆ ವಿಷವಿದ್ದ ಶೇಂಗಾ ಹಿಂಡಿ ತಿಂದು ಒಂದು ಲಕ್ಷಕ್ಕೂ ಜಾಸ್ತಿ ಟರ್ಕಿ ಕೋಳಿಗಳು ಸತ್ತವು. ಅದು ಬೇರೆ ಬೂಷ್ಟು, ಬೇರೆ ವಿಷ. ಆದರೂ ಮತ್ತೆ ಹೇಳುತ್ತೇನೆ, ಬೂಷ್ಟು ಹಿಡಿದ ಹಣ್ಣು ಜ್ಯೂಸಿಗೆ ಬೇಡ.

ಸಮಯ ಮುಗೀತಾ ಬಂತು. ಮಾವು, ಪಪ್ಪಾಯ ಇನ್ನೊಮ್ಮೆ ನೋಡೋಣ. ದಾಳಿಂಬೆಯನ್ನು ಎಳೆದು ಕೀಳಬೇಡಿ, ಕತ್ತರಿಯಿಂದ ತೊಟ್ಟು ಕತ್ತರಿಸಿ. ಬಿರಿದದ್ದು, ಗಾಯವಾದದ್ದು ಬೇರೆ ಕ್ರೇಟಿಗೆ ಹೋಗಲಿ. ಹಗುರ ಅನ್ನಿಸಿದ ಹಣ್ಣನ್ನು ಹೋಳು ಮಾಡಿ ನೋಡಿ. ಒಳಗೆ ಕಪ್ಪಿದ್ದರೆ ಇಡೀ ಹಣ್ಣನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ದನದ ಮುಂದೆಯೂ ಸುರಿಯಬೇಡಿ. ನಮಸ್ಕಾರ.