ಬೋರ್ಡಲ್ಲಿ ಕುರ್ಚಿ ಸಿಕ್ತು, ಎಂಡಿ ಕುರ್ಚಿ ಯಾವಾಗ?

ಎಲ್ಲರಿಗೂ ನಮಸ್ಕಾರ. ಬಿಕಾಂ ಫೈನಲ್ ಇಯರ್‌ನವ್ರು ಜಾಸ್ತಿ ಇದ್ದೀರ ಅಂದ್ರು, ಹಾಗಾಗಿ ಕಂಪನಿಗಳ ಮೇಲಿನ ಕುರ್ಚಿಗಳಲ್ಲಿ ಹೆಂಗಸ್ರು ಅನ್ನೋ ಇವತ್ತಿನ ವಿಷಯಾನ ಕಾನೂನಿಂದಾನೇ ಶುರು ಮಾಡ್ತೀನಿ. 2013ರ ಕಂಪನಿ ಕಾಯ್ದೆ, ಸೆಕ್ಷನ್ 149. ಲಿಸ್ಟೆಡ್ ಕಂಪನಿ, ಅಂದ್ರೆ ಷೇರುಪೇಟೆಯಲ್ಲಿ ಇರೋ ಕಂಪನಿ, ಅಂದ್ಮೇಲೆ ಅದರ ನಿರ್ದೇಶಕರ ಬೋರ್ಡಲ್ಲಿ ಒಬ್ಬ ಮಹಿಳೆಯಾದ್ರೂ ಇರ್ಲೇಬೇಕು. ಷೇರುಪೇಟೆ ನಿಯಂತ್ರಿಸೋ ಸೆಬಿ 2014ರ ಅಕ್ಟೋಬರ್ 1ಕ್ಕೆ ಗಡುವು ಕೊಡ್ತು, ಆಮೇಲೆ ಅದನ್ನೇ 2015ರ ಏಪ್ರಿಲ್ 1ಕ್ಕೆ ಮುಂದೂಡ್ತು, ಅಷ್ಟಾದ್ರೂ ಎಷ್ಟೋ ಕಂಪನಿಗಳು ಕೊನೇ ಗಳಿಗೆಯಲ್ಲಿ ಪ್ರೊಮೋಟರ್ (ಕಂಪನಿ ಹಿಡಿತ ಇರೋ ಮಾಲೀಕ) ಹೆಂಡ್ತಿನೋ ಮಗಳನ್ನೋ ಸೊಸೆನೋ ಕರ್ಕೊಂಡ್ಬಂದು ಕೂರಿಸಿ ಕೈ ತೊಳ್ಕೊಂಡ್ವು. ತಡ ಮಾಡಿದ್ರೆ ದಂಡ ಶುರುವಾಗ್ತಿದ್ದಿದ್ದು 50,000 ರೂಪಾಯಿಯಿಂದ, ದೊಡ್ಡ ಕಂಪನಿಗೆ ಅದು ಟೀ ಬಿಸ್ಕತ್ ಖರ್ಚು ಬಿಡಿ. ಕಂಪನಿ ಆಡಳಿತದ ಬಗ್ಗೆ ಸೆಬಿ ಮಾಡಿದ್ದ ಕೋಟಕ್ ಸಮಿತಿ ಹೇಳಿದ್ಮೇಲೆ, 2019ರಿಂದ ಮಾರುಕಟ್ಟೆ ಮೌಲ್ಯದಲ್ಲಿ ಟಾಪ್ 500 ಕಂಪನಿಗಳಲ್ಲಿ, 2020ರಿಂದ ಟಾಪ್ 1000ದಲ್ಲಿ ಆ ಮಹಿಳೆ ಇಂಡಿಪೆಂಡೆಂಟ್ ಡೈರೆಕ್ಟರ್, ಅಂದ್ರೆ ಮಾಲೀಕರ ಮನೆಯವ್ರಲ್ಲದ ಸ್ವತಂತ್ರ ನಿರ್ದೇಶಕಿ, ಆಗಿರ್ಬೇಕು ಅಂತಾಯ್ತು.

ಸರಿ, ಆದ್ರೆ ಕಾಯ್ದೆ ಪ್ರಕಾರ ಬೋರ್ಡ್ ಮೀಟಿಂಗ್ ವರ್ಷಕ್ಕೆ ನಾಲ್ಕು ಆದ್ರೆ ಸಾಕು. ದಿನಾ ಕಂಪನಿ ನಡೆಸೋದು ಎಂಡಿ (ಮ್ಯಾನೇಜಿಂಗ್ ಡೈರೆಕ್ಟರ್), ಸಿಇಓ. ಆ ಕುರ್ಚಿಯಲ್ಲಿ ಮಹಿಳೆ ಇರ್ಬೇಕು ಅಂತ ಕಾಯ್ದೆಯಲ್ಲಿ ಒಂದಕ್ಷರ ಇಲ್ಲ.

ಅಲ್ಲಿಗೆ ಹೋಗೋ ದಾರಿ ಸಾಮಾನ್ಯವಾಗಿ ಲಾಭ-ನಷ್ಟದ ಜವಾಬ್ದಾರಿ ಇರೋ ಕೆಲ್ಸದಿಂದ, ಅಂದ್ರೆ ಸೇಲ್ಸು, ಫ್ಯಾಕ್ಟರಿ, ಒಂದಿಡೀ ಬಿಸಿನೆಸ್ಸು. ಹೆಣ್ಮಕ್ಳನ್ನ ನಾವು ತಳ್ಳೋದು ಎಚ್‌ಆರ್, ಲೀಗಲ್ ಕಡೆಗೆ, "ಅಲ್ಲಿ ಟೂರ್ ಇರಲ್ಲಮ್ಮ, ಸಂಜೆ ಬೇಗ ಮನೆಗೆ ಹೋಗ್ಬೋದು" ಅಂತ. ಕಾಳಜಿಯಿಂದಾನೇ ಹೇಳ್ತಾರೆ, ನಂಗೆ ಸಿಟ್ಟು ಬರೋದೇ ಅದಕ್ಕೆ, ಯಾಕಂದ್ರೆ ಜಗಳ ಆಡೋಕೂ ಆಗಲ್ಲ. ಹಿಂದೂಸ್ತಾನ್ ಯೂನಿಲಿವರ್‌ಗೆ 2025ರ ಆಗಸ್ಟಲ್ಲಿ ಮೊದಲ ಮಹಿಳಾ ಸಿಇಓ ಆಗಿ ಬಂದ ಪ್ರಿಯಾ ನಾಯರ್ ಅವರನ್ನೇ ತಗೊಳ್ಳಿ, 1995ರಲ್ಲಿ ಸೇರ್ಕೊಂಡವ್ರು, ಮಧ್ಯೆ ಸೋಪಿನ ಪುಡಿ ಮಾರೋ ಹೋಮ್ ಕೇರ್ ಬಿಸಿನೆಸ್ಸನ್ನೇ ವರ್ಷಗಟ್ಲೆ ನಡೆಸಿದ್ರು. ಆ ಕಂಪನಿ ಶುರುವಾಗಿದ್ದು 1933ರಲ್ಲಿ, ಲೆಕ್ಕ ನೀವೇ ಹಾಕ್ಕೊಳ್ಳಿ.

ಹೆಣ್ಮಕ್ಳು ಕೆಲ್ಸ ಬಿಟ್ಟು ಸೋರಿಹೋಗೋ ಇನ್ನೊಂದು ಜಾಗ ಮಗು ಆದ್ಮೇಲೆ, ಮಕ್ಳ ಬೋರ್ಡ್ ಎಕ್ಸಾಮ್ ಟೈಮಲ್ಲಿ, ಅತ್ತೆ-ಮಾವನಿಗೆ ಹುಷಾರಿಲ್ದೇ ಇದ್ದಾಗ. 1977ರಲ್ಲಿ ಪ್ರೊಬೇಷನರಿ ಆಫೀಸರ್ ಆಗಿ ಸೇರಿ 2013ರಲ್ಲಿ ಎಸ್‌ಬಿಐನ ಮೊದಲ ಮಹಿಳಾ ಅಧ್ಯಕ್ಷೆ ಆದ ಅರುಂಧತಿ ಭಟ್ಟಾಚಾರ್ಯ ಇದನ್ನ ಚೆನ್ನಾಗಿ ಕಂಡಿದ್ರು, ಮನೆಯವ್ರನ್ನ ನೋಡ್ಕೊಳ್ಳೋಕೆ ಎರಡು ವರ್ಷದ ರಜೆ ತಗೊಂಡು ವಾಪಸ್ ಬರೋ ವ್ಯವಸ್ಥೆ ತಂದ್ರು. ರಾಜೀನಾಮೆ ಕೊಟ್ಟು ಹೋಗೋದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸ ಇದೆ. ಮನೆಯವ್ರನ್ನ ನೋಡ್ಕೊಳ್ಳೋಕೆ ಗಂಡಸ್ರು ಯಾಕೆ ರಜೆ ಹಾಕಲ್ಲ ಅನ್ನೋದು ಬೇರೆ ಉಪನ್ಯಾಸ!

ನಿಮಗೊಂದು ಹೋಮ್‌ವರ್ಕು. ಕ್ಯಾಂಪಸ್‌ಗೆ ಬರೋ ಕಂಪನಿ ಲಿಸ್ಟೆಡ್ ಆಗಿದ್ರೆ ಅದರ ಆನ್ಯುವಲ್ ರಿಪೋರ್ಟ್ ಡೌನ್‌ಲೋಡ್ ಮಾಡಿ, ಕಾರ್ಪೊರೇಟ್ ಗವರ್ನೆನ್ಸ್ ಭಾಗದಲ್ಲಿ ಡೈರೆಕ್ಟರ್‌ಗಳ ಹಾಜರಿ ಟೇಬಲ್ ಇರುತ್ತೆ, ಬೋರ್ಡಲ್ಲಿರೋ ಮಹಿಳೆ ಎಷ್ಟು ಮೀಟಿಂಗಿಗೆ ಬಂದಿದ್ರು ನೋಡಿ, ಲೆಕ್ಕಪತ್ರ ಪರಿಶೀಲಿಸೋ ಆಡಿಟ್ ಕಮಿಟಿಯಲ್ಲಿ ಇದ್ದಾರಾ ನೋಡಿ. ಇಂಟರ್ವ್ಯೂ ಕೊನೇಲಿ "ಎನಿ ಕ್ವೆಶ್ಚನ್ಸ್?" ಅಂತಾರಲ್ಲ, ಆಗ ಸುಮ್ನೆ ತಲೆ ಆಡಿಸ್ಬೇಡಿ, ನಿಮ್ಮಲ್ಲಿ ಎಷ್ಟು ಬಿಸಿನೆಸ್ ಹೆಡ್‌ಗಳು ಹೆಂಗಸ್ರು ಸರ್ ಅಂತ ಕೇಳಿ.