ಹಸಿರು ಪೂಜಾವಸ್ತ್ರದ ಮೂವತ್ತನಾಲ್ಕು ವಾರಗಳು

ಆತ್ಮೀಯ ಕೇಳುಗರೇ, ಪವಿತ್ರಾತ್ಮರು ಇಳಿದುಬಂದುದನ್ನು ನೆನೆಯುವ ಪೆಂತೆಕೋಸ್ತ್ ಹಬ್ಬ ಮುಗಿದ ಮೇಲೆ, ಯೇಸುವಿನ ಪುನರುತ್ಥಾನದ ಹಬ್ಬವಾದ ಪಾಸ್ಕದ ದೊಡ್ಡ ಮೇಣದಬತ್ತಿಯನ್ನು ಬಲಿಪೀಠದ ಬಳಿಯಿಂದ ತೆಗೆದು ದೀಕ್ಷಾಸ್ನಾನದ ತೊಟ್ಟಿಯ ಪಕ್ಕಕ್ಕೆ ಇಡುತ್ತಾರೆ. ಕೆಲವೇ ದಿನಗಳಲ್ಲಿ ಗುರುಗಳ ಹಸಿರು ಪೂಜಾವಸ್ತ್ರ ಹೊರಬರುತ್ತದೆ. ಆ ಹೊತ್ತಿಗೆ ನಮ್ಮಲ್ಲಿ ಅನೇಕರು ಹಬ್ಬಗಳೆಲ್ಲ ಮುಗಿದವು, ಇನ್ನು ಕ್ರಿಸ್ತಜಯಂತಿಗೆ ಸಿದ್ಧರಾಗುವ ಆಗಮನ ಕಾಲ ಬರುವ ತನಕ ವಿಶೇಷವೇನೂ ಇಲ್ಲ ಎಂದುಕೊಂಡು ಸುಮ್ಮನಾಗಿಬಿಡುತ್ತೇವೆ. ಪೂಜಾವರ್ಷವನ್ನು, ಅಂದರೆ ಧರ್ಮಸಭೆಯ ವರ್ಷವಿಡೀ ನಡೆಯುವ ಆರಾಧನೆಯ ಕ್ರಮವನ್ನು, ಕುರಿತ ನಮ್ಮ ತಿಳಿವಳಿಕೆಯಲ್ಲಿ ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಹಸಿರಿನ ವಾರಗಳಿಗೆ ನಾವು ಬಳಸುವ ಹೆಸರೂ ಇದಕ್ಕೆ ಸ್ವಲ್ಪ ಮಟ್ಟಿಗೆ ಕಾರಣ. ‘ಸಾಧಾರಣ ಕಾಲ’ ಎಂದೊಡನೆ ಕನ್ನಡದ ಕಿವಿಗೆ ಹೆಚ್ಚುಗಾರಿಕೆಯಿಲ್ಲದ ಕಾಲ ಎಂಬ ಧ್ವನಿಯೇ ಕೇಳಿಸುತ್ತದೆ. ಲ್ಯಾಟಿನ್ ಮೂಲದಲ್ಲಿರುವ ‘ಪೆರ್ ಆನ್ನುಮ್’ ಎಂಬ ಮಾತಿಗೆ ಆ ಅರ್ಥವಿಲ್ಲ. ವರ್ಷದುದ್ದಕ್ಕೂ ಸಾಗುವ ಕಾಲ ಎಂದಷ್ಟೇ ಅದು ಹೇಳುತ್ತದೆ.

ಉಳಿದ ಕಾಲಗಳಿಗೆ ಒಂದೊಂದು ಗುರಿಯಿದೆ. ಆಗಮನ ಕಾಲವು ಡಿಸೆಂಬರ್ 16ರವರೆಗೆ ಪ್ರಭುವಿನ ಪುನರಾಗಮನವನ್ನು ಮುಂದಿಟ್ಟು, 17ರಿಂದ ನಮ್ಮನ್ನು ಬೆತ್ಲೆಹೇಮಿನತ್ತ ಕರೆದೊಯ್ಯುತ್ತದೆ. ಪಾಸ್ಕಕ್ಕೆ ಮುನ್ನ ಪಶ್ಚಾತ್ತಾಪದಲ್ಲಿ ಕಳೆಯುವ ತಪಸ್ಸು ಕಾಲಕ್ಕೂ ಅದೇ ನೇರಳೆ ಬಣ್ಣವಿದೆಯೆಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆಗಮನದ ಭಾನುವಾರಗಳಲ್ಲಿ ಮಹಿಮಾಗೀತೆಯನ್ನು ಬಿಟ್ಟರೂ ದೇವಸ್ತುತಿಯ ಘೋಷವಾದ ಅಲ್ಲೆಲೂಯವನ್ನು ಹಾಡುತ್ತಲೇ ಇರುತ್ತೇವೆ, ಏಕೆಂದರೆ ಅದು ಸಂತಸದ ನಿರೀಕ್ಷೆ. ತಪಸ್ಸು ಕಾಲದಲ್ಲಾದರೋ ಅಲ್ಲೆಲೂಯವೇ ಮೌನವಾಗಿ, ಪಾಸ್ಕ ಜಾಗರಣೆಯ ರಾತ್ರಿ ಶುಭಸಂದೇಶಕ್ಕೆ ಮುನ್ನ ಮತ್ತೆ ಮೊಳಗುತ್ತದೆ. ವಿಭೂತಿ ಬುಧವಾರದಂದು ಬೂದಿ ಹಚ್ಚಿಸಿಕೊಂಡು ಆ ದಿನಗಳನ್ನು ಶ್ರದ್ಧೆಯಿಂದ ಕಳೆದವರಿಗೆ ಆ ಒಂದು ಪದ ಮರಳಿ ಕಿವಿಗೆ ಬಿದ್ದಾಗ ಮೈ ನವಿರೇಳುತ್ತದೆ. ಅಲ್ಲಿಂದ ಪೆಂತೆಕೋಸ್ತಿನವರೆಗಿನ 50 ದಿನಗಳನ್ನು ಧರ್ಮಸಭೆ ಒಂದೇ ಹಬ್ಬದಂತೆ, ಒಂದು ಮಹಾ ಭಾನುವಾರದಂತೆ ಆಚರಿಸುತ್ತದೆ. ಪಾಸ್ಕದ ಮೂರು ಪವಿತ್ರ ದಿನಗಳೇ ಇಡೀ ವರ್ಷದ ಶಿಖರ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಹಸಿರಿನ ವಾರಗಳ ಬಗ್ಗೆ, 1969ರಲ್ಲಿ ಜಗದ್ಗುರು ಆರನೇ ಪೌಲರು ಅಂಗೀಕರಿಸಿದ ಪೂಜಾವರ್ಷದ ನಿಯಮಾವಳಿ ಏನು ಹೇಳುತ್ತದೆ ಎಂಬುದನ್ನು ಗಮನಿಸಬೇಕು. ಕ್ರಿಸ್ತಜಯಂತಿ ಕಾಲ ಮತ್ತು ತಪಸ್ಸು ಕಾಲದ ನಡುವೆ ಒಂದಿಷ್ಟು, ಪೆಂತೆಕೋಸ್ತಿನ ನಂತರ ಉಳಿದವು ಎಂದು ಹಂಚಿಹೋಗಿರುವ ಈ 33 ಅಥವಾ 34 ವಾರಗಳು ಕ್ರಿಸ್ತರಹಸ್ಯದ ಯಾವುದೋ ಒಂದು ಮುಖವನ್ನಲ್ಲ, ಅದರ ಪೂರ್ಣತೆಯನ್ನೇ, ವಿಶೇಷವಾಗಿ ಭಾನುವಾರಗಳಂದು, ಗೌರವಿಸುತ್ತವೆ. ಅದೇ ನಿಯಮಾವಳಿ ಭಾನುವಾರವನ್ನು ಮೂಲ ಹಬ್ಬವೆಂದು ಕರೆಯುತ್ತದೆ, ಮತ್ತು ಇತಿಹಾಸ ಅದಕ್ಕೆ ಸಾಕ್ಷಿಯಾಗಿ ನಿಂತಿದೆ. ಡಿಸೆಂಬರ್ 25ರ ಕ್ರಿಸ್ತಜಯಂತಿಗೆ ರೋಮಿನಲ್ಲಿ ಸ್ಪಷ್ಟ ದಾಖಲೆ ಸಿಗುವುದು ನಾಲ್ಕನೇ ಶತಮಾನದಲ್ಲಿ. ಎರಡನೇ ಶತಮಾನದ ನಡುವಿನಲ್ಲೇ ಸಂತ ಜಸ್ಟಿನರು ಭಾನುವಾರದ ಕೂಟವನ್ನು, ಅಲ್ಲಿನ ವಾಚನ, ಪ್ರಬೋಧನೆ, ರೊಟ್ಟಿ ಮತ್ತು ದ್ರಾಕ್ಷಾರಸದ ಅರ್ಪಣೆಯ ಸಮೇತ ಬಣ್ಣಿಸಿದ್ದರು. ಆಗಮನ ಕಾಲವಾಗಲಿ ಕ್ರಿಸ್ತಜಯಂತಿಯಾಗಲಿ ಇನ್ನೂ ರೂಪುಗೊಂಡಿರದ ಆ ದಿನಗಳಲ್ಲಿ, ಪುನರುತ್ಥಾನವನ್ನು ವಾರವಾರವೂ ಆಚರಿಸಿದ ಆ ಜನರ ಭಾನುವಾರವೇ ಹಸಿರು ವಸ್ತ್ರದ ನಮ್ಮ ಭಾನುವಾರ.

ಈ ವಾರಗಳ ಇನ್ನೊಂದು ಸಂಪತ್ತು ಶುಭಸಂದೇಶದ ವಾಚನ. ಮೂರು ವರ್ಷಗಳ ಆವರ್ತನದಲ್ಲಿ ಮೊದಲ ವರ್ಷ ಮತ್ತಾಯ, ಎರಡನೆಯ ವರ್ಷ ಮಾರ್ಕ, ಮೂರನೆಯ ವರ್ಷ ಲೂಕ, ಹೀಗೆ ಒಂದು ಶುಭಸಂದೇಶವನ್ನು ಹೆಚ್ಚುಕಡಿಮೆ ಅದರ ಕ್ರಮದಲ್ಲೇ ಕೇಳುತ್ತಾ ಹೋಗುತ್ತೇವೆ. ಮಾರ್ಕನದು ಚಿಕ್ಕದಾದ್ದರಿಂದ ಆ ವರ್ಷದ 17ರಿಂದ 21ನೇ ಭಾನುವಾರದವರೆಗೆ ಯೊವಾನ್ನನ ಆರನೇ ಅಧ್ಯಾಯಕ್ಕೆ ಎಡೆ ಕೊಡಲಾಗಿದೆ. ಮೊದಲ ವಾರ ಯೇಸು ಐದು ಸಾವಿರ ಜನರ ಹಸಿವು ತಣಿಸುತ್ತಾರೆ. ತಾವೇ ಜೀವದ ರೊಟ್ಟಿ ಎಂದು ಹೇಳುತ್ತಾ ಹೋದಂತೆ ಗೊಣಗಾಟ ಶುರುವಾಗುತ್ತದೆ. ಐದನೇ ವಾರಕ್ಕೆ ಶಿಷ್ಯರಲ್ಲೇ ಅನೇಕರು ಬಿಟ್ಟು ಹೊರಟುಹೋಗುತ್ತಾರೆ. ನೀವೂ ಹೋಗುವಿರಾ ಎಂದು ಯೇಸು ಕೇಳಿದಾಗ, ಇನ್ನಾರ ಬಳಿಗೆ ಹೋಗೋಣ ಎಂಬ ಪೇತ್ರನ ಉತ್ತರದ ಭಾರ ತಿಳಿಯಬೇಕಾದರೆ ಆ ಐದು ವಾರಗಳೂ ಪೀಠದ ಮುಂದೆ ಕುಳಿತಿರಬೇಕು. ನಡುವೆ ಎರಡು ವಾರ ತಪ್ಪಿಸಿಕೊಂಡವರಿಗೆ ಅದು ಬಿಡಿ ವಾಕ್ಯವಾಗಿ ಉಳಿಯುತ್ತದೆ.

34ನೇ ಭಾನುವಾರ ಕ್ರಿಸ್ತರಾಜರ ಮಹೋತ್ಸವ. 1925ರಲ್ಲಿ ಜಗದ್ಗುರು ಹನ್ನೊಂದನೇ ಪಯಸ್ ಅವರು ಅಕ್ಟೋಬರಿನ ಕೊನೆಯ ಭಾನುವಾರಕ್ಕೆ ಗೊತ್ತುಪಡಿಸಿದ್ದ ಈ ಹಬ್ಬವನ್ನು 1969ರ ಸುಧಾರಣೆ ಪೂಜಾವರ್ಷದ ತುದಿಗೆ ತಂದಿತು. ಅದಾದ ವಾರದ ಶನಿವಾರ, ಹಸಿರಿನ ಕಟ್ಟಕಡೆಯ ದಿನದ ಬಲಿಪೂಜೆಯಲ್ಲಿ, ಸದಾ ಎಚ್ಚರವಾಗಿದ್ದು ಪ್ರಾರ್ಥಿಸಿರಿ ಎಂಬ ಲೂಕನ ವಾಚನವಿರುತ್ತದೆ. ಅಂದು ಸಂಜೆಯೇ ಆಗಮನ ಕಾಲ ಆರಂಭ. ಮೂರು ವರ್ಷಗಳಲ್ಲಿ ಯಾವುದೇ ಇರಲಿ, ಅದರ ಮೊದಲ ಭಾನುವಾರದ ಶುಭಸಂದೇಶವೂ ಎಚ್ಚರವಾಗಿರಿ ಎಂದೇ ಹೇಳುತ್ತದೆ.